ಭೂಮಿಯ ಆಕಾರ: ದೊಡ್ಡಗುಂಟದಿಂದ ಉಪಗ್ರಹದವರೆಗೆ

1800ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬೆಂಗಳೂರಿನ ಪೂರ್ವದ ಬಯಲಿನಲ್ಲಿ ಒಂದು ವಿಚಿತ್ರ ಕೆಲಸ ನಡೆಯಿತು. ಕೃಷ್ಣರಾಜಪುರಕ್ಕೂ ಅಗರಕ್ಕೂ ನಡುವೆ ನೂರು ಅಡಿ ಉದ್ದದ ಉಕ್ಕಿನ ಸರಪಳಿಯನ್ನು ಮತ್ತೆ ಮತ್ತೆ ಹಾಸಿ, ಎತ್ತಿ, ಮುಂದಕ್ಕೊಯ್ದು ಏಳೂವರೆ ಮೈಲಿಗೆ ತುಸು ಕಡಿಮೆಯ ಒಂದು ನೇರ ಗೆರೆಯನ್ನು ಅಳೆದರು. ಅಳೆಸಿದವನು ಬ್ರಿಟಿಷ್ ಸೇನೆಯ ಅಧಿಕಾರಿ ವಿಲಿಯಂ ಲ್ಯಾಂಬ್ಟನ್. ಹಿಂದಿನ ವರ್ಷವಷ್ಟೇ ಶ್ರೀರಂಗಪಟ್ಟಣ ಬಿದ್ದಿತ್ತು. ಹೊಸದಾಗಿ ಕೈಸೇರಿದ ಸೀಮೆಯ ನಕ್ಷೆ ಈಸ್ಟ್ ಇಂಡಿಯಾ ಕಂಪನಿಗೆ ಬೇಕಿತ್ತು. ಲ್ಯಾಂಬ್ಟನ್‌ಗೆ ನಕ್ಷೆಯ ಜೊತೆಗೆ ಇನ್ನೊಂದು ಉತ್ತರವೂ ಬೇಕಿತ್ತು: ಭೂಮಿ ನಿಖರವಾಗಿ ಯಾವ ಆಕಾರದಲ್ಲಿದೆ?

ಇಂದಿನ ನಕ್ಷೆಯಲ್ಲಿ ಆ ಎರಡು ಊರುಗಳ ನಡುವೆ ಗೆರೆ ಎಳೆದರೆ ಅದು ಹೆಚ್ಚುಕಡಿಮೆ ಎಚ್‌ಎಎಲ್ ವಿಮಾನ ನಿಲ್ದಾಣದ ಆಸುಪಾಸಿನಲ್ಲಿ ಹಾದುಹೋಗುತ್ತದೆ. ದೇಶದ ಉಪಗ್ರಹಗಳು ರೂಪುಗೊಳ್ಳುವ ಯು.ಆರ್. ರಾವ್ ಉಪಗ್ರಹ ಕೇಂದ್ರ ಇರುವುದೂ ಅಲ್ಲೇ, ವಿಮಾನಪುರದಲ್ಲಿ. ಭೂಮಿಯನ್ನು ಸರಪಳಿಯಿಂದ ಅಳೆದ ನೆಲ ಮತ್ತು ಭೂಮಿಯನ್ನು ಸುತ್ತುವ ಯಂತ್ರಗಳು ಹುಟ್ಟುವ ನೆಲ ಇಷ್ಟು ಹತ್ತಿರವಿರುವುದು ಕಾಕತಾಳೀಯವೇ. ಆದರೂ ಭೂಮಿಯ ಆಕಾರದ ಹಳೆಯ ವಾದವನ್ನು ಮೊದಲಿನಿಂದ ಪರಿಶೀಲಿಸಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಮೇರು ಪರ್ವತ ಮತ್ತು ಗೋಳ

ಭೂಮಿಯ ಆಕಾರದ ಚರ್ಚೆ ಇಲ್ಲಿಗೆ ಯುರೋಪಿನಿಂದ ಬಂದದ್ದಲ್ಲ. ಪುರಾಣಗಳ ಭೂಮಿ ಅಗಲವಾದ ತಟ್ಟೆ. ನಡುವೆ ಮೇರು, ಸುತ್ತ ಜಂಬೂದ್ವೀಪ, ಅದನ್ನು ಬಳಸಿ ಒಂದರ ಹೊರಗೊಂದು ಸಮುದ್ರ, ದ್ವೀಪಗಳು. ಜೈನ ಲೋಕವಿಜ್ಞಾನವೂ ಜಂಬೂದ್ವೀಪವನ್ನು ಚಪ್ಪಟೆ ವೃತ್ತವಾಗಿಯೇ ಕಂಡಿತು. ಅದಕ್ಕೆ ಎರಡು ಸೂರ್ಯ, ಎರಡು ಚಂದ್ರರನ್ನು ಕೊಟ್ಟಿತು. ಶ್ರವಣಬೆಳಗೊಳದೊಂದಿಗೆ ಹೆಸರು ಬೆಸೆದುಕೊಂಡಿರುವ, ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿ ಹತ್ತನೆಯ ಶತಮಾನದಲ್ಲಿ ಬರೆದ ‘ತ್ರಿಲೋಕಸಾರ’ ಈ ಪರಂಪರೆಯ ದೊಡ್ಡ ಗ್ರಂಥ. ಅದರಲ್ಲಿರುವ ಲೆಕ್ಕಾಚಾರ ಬಹಳ ಬಿಗಿಯಾದದ್ದು. ಚಪ್ಪಟೆ ಭೂಮಿ ಎಂದಾಕ್ಷಣ ಅದು ಗಣಿತ ಬಾರದವರ ಮಾತು ಎಂದುಕೊಳ್ಳುವುದು ತಪ್ಪಾಗುತ್ತದೆ.

ಇನ್ನೊಂದು ಕಡೆ ಜ್ಯೋತಿಷ್ಯದ ಸಿದ್ಧಾಂತ ಗ್ರಂಥಗಳು ನಿಂತಿದ್ದವು. 499ರಲ್ಲಿ ಆರ್ಯಭಟ ಭೂಮಿಯನ್ನು ಗೋಳವೆಂದೇ ಹೇಳಿ, ಅದರ ವ್ಯಾಸ 1050 ಯೋಜನವೆಂದು ಲೆಕ್ಕ ಕೊಟ್ಟ. 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಎರಡನೆಯ ಭಾಸ್ಕರ ಎದುರು ಪಕ್ಷದ ಅತಿ ಬಲವಾದ ಪ್ರಶ್ನೆಯನ್ನೇ ಕೈಗೆತ್ತಿಕೊಂಡ. ಭೂಮಿ ದುಂಡಗಿದ್ದರೆ ಕಣ್ಣಿಗೇಕೆ ಸಮತಟ್ಟಾಗಿ ಕಾಣುತ್ತದೆ? ಅವನ ಉತ್ತರದ ಸಾರ ಇಷ್ಟು: ಯಾವುದೇ ವೃತ್ತದ ಪರಿಧಿಯ ನೂರನೆಯ ಒಂದು ಭಾಗ ನೇರ ಗೆರೆಯಂತೆ ತೋರುತ್ತದೆ; ಭೂಮಿ ಬಹಳ ದೊಡ್ಡದು, ಮನುಷ್ಯ ಬಹಳ ಚಿಕ್ಕವನು. ಕೆ.ಆರ್. ಪುರದಿಂದ ಅಗರಕ್ಕೆ ಅಳೆದ ಗೆರೆ ಸುಮಾರು 12 ಕಿಲೋಮೀಟರ್, ಅಂದರೆ ಭೂಪರಿಧಿಯ ಮೂರು ಸಾವಿರದ ಮುನ್ನೂರನೆಯ ಒಂದು ಭಾಗ. ಅಷ್ಟು ದೂರದಲ್ಲಿ ಭೂಮಿ ಬಾಗುವುದು 11 ಮೀಟರ್. ದಿಣ್ಣೆ, ತಗ್ಗು, ಕೆರೆ ಏರಿಗಳ ಬೆಂಗಳೂರಿನಲ್ಲಿ ಆ ಬಾಗು ಯಾರ ಕಣ್ಣಿಗೆ ಬಿದ್ದೀತು? ಹಲಸೂರು ಕೆರೆಯ ನೀರಿನ ಮೇಲೆ ನೋಡೋಣವೆಂದರೆ, ಒಂದು ಕಿಲೋಮೀಟರ್ ದೂರಕ್ಕೆ ಸಿಗುವುದು ಬರೀ 8 ಸೆಂಟಿಮೀಟರ್.

ಎರಡೂ ಪಕ್ಷಗಳು ಕಾದಾಡಿದ್ದಕ್ಕಿಂತ ಹೆಚ್ಚಾಗಿ ಹೊಂದಿಕೊಂಡು ಬಾಳಿದವು. ಸಿದ್ಧಾಂತಿಗಳು ಮೇರುವನ್ನು ಬಿಡಲಿಲ್ಲ, ಉತ್ತರ ಧ್ರುವಕ್ಕೆ ಒಯ್ದಿಟ್ಟರು; ಆರು ತಿಂಗಳು ಹಗಲು, ಆರು ತಿಂಗಳು ರಾತ್ರಿಯಿರುವ ದೇವತೆಗಳ ನೆಲೆಯೆಂಬ ಮಾತು ಅಲ್ಲಿ ಸರಿಯಾಗಿ ಕೂತಿತು. ಮುಂದಿನ ಶತಮಾನಗಳಲ್ಲಿ ಪುರಾಣಕ್ಕೂ ಸಿದ್ಧಾಂತಕ್ಕೂ ವಿರೋಧವಿಲ್ಲವೆಂದು ತೋರಿಸುವ ಬರವಣಿಗೆಯೇ ಒಂದು ಪ್ರಕಾರವಾಗಿ ಬೆಳೆಯಿತು. ಇಂದಿಗೂ ದೇವಸ್ಥಾನದಲ್ಲಾಗಲಿ ಮನೆಯಲ್ಲಾಗಲಿ ಪೂಜೆಗೆ ಕೂತವರು ಸಂಕಲ್ಪದಲ್ಲಿ ಜಂಬೂದ್ವೀಪವನ್ನು, ಮೇರುವಿನ ದಕ್ಷಿಣ ಪಾರ್ಶ್ವವನ್ನು ಹೆಸರಿಸುತ್ತಾರೆ. ಅದೇ ಪೂಜೆಯ ಮುಹೂರ್ತ ತೆಗೆದ ಪಂಚಾಂಗದ ಗಣಿತ ಮಾತ್ರ ಗೋಳಾಕಾರದ ಭೂಮಿಯದು.

ನಿಂಬೆಯೋ, ಕಿತ್ತಳೆಯೋ

ಹದಿನೇಳನೆಯ ಶತಮಾನದ ಕೊನೆಗೆ ಪ್ರಶ್ನೆ ಬದಲಾಯಿತು. ಭೂಮಿ ದುಂಡಗಿದೆ ಎಂಬುದರ ಮೇಲೆ ವಿದ್ವಾಂಸರ ತಕರಾರು ಉಳಿದಿರಲಿಲ್ಲ. ಎಷ್ಟು ದುಂಡಗಿದೆ ಎಂಬುದೇ ಜಗಳ. 1672ರಲ್ಲಿ ಜಾನ್ ರಿಷೆ ದಕ್ಷಿಣ ಅಮೆರಿಕದ ಕೇಯೆನ್‌ಗೆ ಒಯ್ದ ಲೋಲಕದ ಗಡಿಯಾರ ಪ್ಯಾರಿಸಿಗಿಂತ ನಿಧಾನವಾಗಿ ನಡೆಯಿತು. ತಿರುಗುವ ಭೂಮಿ ಸಮಭಾಜಕದಲ್ಲಿ ಉಬ್ಬಿ, ಧ್ರುವಗಳಲ್ಲಿ ತಗ್ಗಿರುತ್ತದೆ ಎಂದು ನ್ಯೂಟನ್ ವಾದಿಸಿದ. ಫ್ರಾನ್ಸಿನ ಕ್ಯಾಸಿನಿ ಮನೆತನದವರು ತಮ್ಮ ಅಳತೆಯನ್ನು ನಂಬಿ, ಭೂಮಿ ಧ್ರುವಗಳ ಕಡೆ ನಿಂಬೆಹಣ್ಣಿನಂತೆ ಚಾಚಿದೆ ಎಂದರು. 1730ರ ದಶಕದಲ್ಲಿ ಫ್ರೆಂಚರೇ ಎರಡು ತಂಡ ಕಳುಹಿಸಿದರು, ಒಂದು ಲ್ಯಾಪ್‌ಲ್ಯಾಂಡಿಗೆ, ಒಂದು ಪೆರುವಿಗೆ. ಉತ್ತರದಲ್ಲಿ ಒಂದು ಡಿಗ್ರಿ ಅಕ್ಷಾಂಶದ ಉದ್ದ ಹೆಚ್ಚು ಬಂತು. ನ್ಯೂಟನ್ ಗೆದ್ದ.

ಎಷ್ಟು ತಗ್ಗು, ಎಷ್ಟು ಉಬ್ಬು ಎಂಬುದು ಮಾತ್ರ ಬಾಕಿ ಉಳಿಯಿತು. ಅದಕ್ಕೆ ಬೇರೆ ಬೇರೆ ಅಕ್ಷಾಂಶಗಳಲ್ಲಿ ಉದ್ದನೆಯ ಅಳತೆ ಬೇಕಿತ್ತು. ಲ್ಯಾಂಬ್ಟನ್ ಬೆಂಗಳೂರಿಗೆ ಸರಪಳಿ ತಂದದ್ದು ಈ ಹಂತದಲ್ಲಿ.

ಆ ಸರಪಳಿಗೂ ಒಂದು ಕಥೆಯಿದೆ. ಬ್ರಿಟಿಷ್ ರಾಯಭಾರ ತಂಡವೊಂದು ಚೀನಾದ ಚಕ್ರವರ್ತಿಗೆ ಕೊಡಲೆಂದು ಒಯ್ದ ಉಪಕರಣಗಳಲ್ಲಿ ಅದೂ ಒಂದು. ಅಲ್ಲಿ ಬೇಡವಾಗಿ ಕಲ್ಕತ್ತಾ ಸೇರಿ, ಕೊನೆಗೆ ಲ್ಯಾಂಬ್ಟನ್ ಕೈಗೆ ಬಂತು. ಎರಡೂವರೆ ಅಡಿಯ ನಲವತ್ತು ಕೊಂಡಿಗಳು. ನೆಲದ ಮೇಲೆ ಎಳೆದುಕೊಂಡು ಹೋಗುವ ಹಾಗಿರಲಿಲ್ಲ. ಮರದ ದೋಣಿಯಂಥ ಪೆಟ್ಟಿಗೆಗಳನ್ನು ಸಾಲಾಗಿ ಮಟ್ಟಕ್ಕೆ ನಿಲ್ಲಿಸಿ, ಅದರೊಳಗೆ ಸರಪಳಿ ಮಲಗಿಸಿ, ಪಕ್ಕದಲ್ಲಿ ಉಷ್ಣಮಾಪಕ ಇಡಬೇಕಿತ್ತು, ಏಕೆಂದರೆ ಬಿಸಿಲಿಗೆ ಉಕ್ಕು ಹಿಗ್ಗುತ್ತದೆ. ಇಡೀ ಗೆರೆಗೆ ಸುಮಾರು ನಾನೂರು ಸಲ ಸರಪಳಿ ಹಾಸಬೇಕು. ಉಷ್ಣಾಂಶವನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ತಪ್ಪಾಗಿ ಓದಿದರೂ ಒಟ್ಟು ಉದ್ದದಲ್ಲಿ ಮೂರು ಅಂಗುಲ ಏರುಪೇರಾಗುತ್ತದೆ.

1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಹೊಸ ಆಧಾರರೇಖೆ ಅಳೆದು ಲ್ಯಾಂಬ್ಟನ್ ತ್ರಿಕೋನಗಳ ಸರಣಿಯನ್ನು ಪಶ್ಚಿಮಕ್ಕೆ ತಂದ. ಅದು ಸರಿಯೇ ಎಂದು ಪರೀಕ್ಷಿಸಲು 1804ರಲ್ಲಿ ಅವನ ಸಹಾಯಕ ಜಾನ್ ವಾರನ್ ಬೆಂಗಳೂರಿನ ಬಳಿ ಏಳು ಮೈಲಿಗೂ ಮೀರಿದ ಗೆರೆಯೊಂದನ್ನು ನೆಲದ ಮೇಲೆಯೇ ಅಳೆದ. ಕೋಲಾರದ ಚಿನ್ನದ ಬಗ್ಗೆ 1802ರಲ್ಲಿ ವರದಿ ಮಾಡಿದ ವಾರನ್ನೇ ಇವನು. ಮದ್ರಾಸಿನಿಂದ ತ್ರಿಕೋನಗಳ ಮೂಲಕ ಲೆಕ್ಕ ಹಾಕಿದ ಉದ್ದಕ್ಕೂ ಸರಪಳಿ ಹೇಳಿದ ಉದ್ದಕ್ಕೂ ಬಂದ ವ್ಯತ್ಯಾಸ ನಾಲ್ಕು ಅಂಗುಲಕ್ಕಿಂತ ಕಡಿಮೆ. ಆ ಕಾಲದ ಸಾಧನಗಳಲ್ಲಿ ಇಂಥ ನಿಖರತೆ ಇಂದಿಗೂ ತಲೆದೂಗಿಸುತ್ತದೆ. ಸರಣಿ ಮಂಗಳೂರು ಮುಟ್ಟಿದಾಗ ಪರ್ಯಾಯ ದ್ವೀಪದ ಅಗಲ 400 ಮೈಲಿಯಲ್ಲ, 360 ಎಂದು ಗೊತ್ತಾಯಿತು. ನಕ್ಷೆಯಿಂದ ನಲವತ್ತು ಮೈಲಿ ನೆಲ ಮಾಯವಾಯಿತು.

ಇನ್ನು ದೊಡ್ಡಗುಂಟ. ಕನ್ಯಾಕುಮಾರಿಯ ಕಡೆಯಿಂದ ಹಿಮಾಲಯದ ತಪ್ಪಲಿಗೆ ಹೋದ ಮಹಾಚಾಪದ ಮುಖ್ಯ ಖಗೋಳ ಠಾಣೆಗಳಲ್ಲಿ ಇದೂ ಒಂದು. ದಾಖಲಾದ ಅಕ್ಷಾಂಶ 12 ಡಿಗ್ರಿ 59 ಮಿನಿಟು 52 ಸೆಕೆಂಡು. ದಂಡು ಪ್ರದೇಶದ ಕಾಕ್ಸ್ ಟೌನ್ ಬಳಿ ಆ ಹೆಸರಿನ ಬಡಾವಣೆ ಈಗಲೂ ಇದೆ, ಅಕ್ಷಾಂಶವೂ ತಾಳೆಯಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಬೆಸೆಲ್, ಇಂಗ್ಲೆಂಡಿನ ಕ್ಲಾರ್ಕ್ ಭೂಮಿಯ ಆಕಾರವನ್ನು ಲೆಕ್ಕ ಹಾಕಿದಾಗ ಈ ಭಾರತೀಯ ಚಾಪವನ್ನೂ ಬಳಸಿದರು. ಶಿವಾಜಿನಗರದಿಂದ ಆಟೋದಲ್ಲಿ ಹತ್ತಿ ಇಳಿಯುವಷ್ಟು ದೂರದ ಈ ಜಾಗದ ಹೆಸರು ಜಗತ್ತಿನ ಭೂಮಾಪನದ ಪುಸ್ತಕಗಳಲ್ಲಿದೆ ಎಂಬುದು ನಮ್ಮ ಶಾಲೆಯ ಪಾಠಗಳಲ್ಲಿ ಬರಬೇಕಾದ ಸಂಗತಿ.

ತೂಗುಗುಂಡು ಹೇಳಿದ ಸುಳ್ಳು

ಲ್ಯಾಂಬ್ಟನ್ 1823ರಲ್ಲಿ ಹಿಂಗನ್‌ಘಾಟ್‌ನಲ್ಲಿ ತೀರಿಕೊಂಡ. ಕೆಲಸ ಮುಂದುವರಿಸಿದ ಜಾರ್ಜ್ ಎವರೆಸ್ಟ್ 1830ರಲ್ಲಿ ತನ್ನ ದೀರ್ಘಗೋಳವನ್ನು ಪ್ರಕಟಿಸಿದ: ಧ್ರುವಗಳ ಕಡೆ 300.8ರಲ್ಲಿ ಒಂದು ಭಾಗ ತಗ್ಗು. ಒಂದೂಮುಕ್ಕಾಲು ಶತಮಾನ ಭಾರತದ ಎಲ್ಲ ನಕ್ಷೆಗಳೂ ಅದರ ಮೇಲೆಯೇ ನಿಂತವು. 2005ರ ರಾಷ್ಟ್ರೀಯ ನಕ್ಷೆ ನೀತಿ ಬಂದ ಮೇಲೆ ಸಾರ್ವಜನಿಕ ನಕ್ಷೆಗಳು ಜಾಗತಿಕ ಮಾದರಿಗೆ ಹೊರಳಿದವು. ಎವರೆಸ್ಟ್ ಕೊಟ್ಟ ಸಮಭಾಜಕ ತ್ರಿಜ್ಯ ಇಂದಿನ ಲೆಕ್ಕಕ್ಕಿಂತ ಸುಮಾರು 860 ಮೀಟರ್ ಕಡಿಮೆ.

ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಇನ್ನೊಂದು ತೊಡಕು ಎದುರಾಗಿತ್ತು. ಕಲ್ಯಾಣಪುರ ಮತ್ತು ಕಲಿಯಾನಾ ಎಂಬ ಎರಡು ಠಾಣೆಗಳ ನಡುವಿನ ಅಂತರವನ್ನು ನಕ್ಷತ್ರ ನೋಡಿ ತೆಗೆದರೆ ಒಂದು ಉತ್ತರ, ನೆಲದ ಮೇಲೆ ಅಳೆದರೆ ಇನ್ನೊಂದು. ವ್ಯತ್ಯಾಸ ಐದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚಿನ ಕೋನ. ಹಿಮಾಲಯ ತೂಗುಗುಂಡನ್ನು ತನ್ನತ್ತ ಎಳೆಯುತ್ತಿರಬೇಕೆಂದು ಕಲ್ಕತ್ತಾದ ಪಾದ್ರಿ, ಗಣಿತಜ್ಞ ಜಾನ್ ಪ್ರ್ಯಾಟ್ ಲೆಕ್ಕ ಹಾಕಿದ. ಅಷ್ಟು ದೊಡ್ಡ ಪರ್ವತ ಇನ್ನೂ ಹೆಚ್ಚು ಎಳೆಯಬೇಕಿತ್ತು! ಪರ್ವತದ ಬುಡದಲ್ಲಿ ಹಗುರ ಶಿಲೆಯ ಆಳವಾದ ಬೇರಿದೆ ಎಂದು ಇಂಗ್ಲೆಂಡಿನ ಖಗೋಳಜ್ಞ ಏರಿ 1855ರಲ್ಲಿ ಸೂಚಿಸಿದ. ಎತ್ತರದ ಜಾಗಗಳ ಕೆಳಗಿನ ಶಿಲೆಯ ಸಾಂದ್ರತೆಯೇ ಕಡಿಮೆ ಎಂದು ಪ್ರ್ಯಾಟ್ ವಾದಿಸಿದ. ಹಿಮಾಲಯದ ಮಟ್ಟಿಗೆ ಏರಿಯ ಚಿತ್ರ ಹೆಚ್ಚು ಹೊಂದುತ್ತದೆ. ಸಾಗರತಳದ ಕೆಲವು ಭಾಗಗಳಿಗೆ ಪ್ರ್ಯಾಟ್‌ನದು ಸರಿಹೋಗುತ್ತದೆ.

ಇಲ್ಲಿಂದ ‘ಆಕಾರ’ ಎಂಬುದೇ ಎರಡಾಯಿತು. ಗಣಿತಕ್ಕೆ ಒಗ್ಗುವ ನಯವಾದ ದೀರ್ಘಗೋಳ ಒಂದು. ಗುರುತ್ವವನ್ನು ಅನುಸರಿಸಿ ನಿಂತ ನೀರು ಎಲ್ಲಿ ನಿಲ್ಲುತ್ತದೋ ಆ ಏರುತಗ್ಗಿನ ಮೇಲ್ಮೈ, ಅಂದರೆ ಜಿಯಾಯ್ಡ್, ಇನ್ನೊಂದು. ದಂಡು ನಿಲ್ದಾಣದಲ್ಲಾಗಲಿ ಕೆ.ಆರ್. ಪುರದಲ್ಲಾಗಲಿ ಹಳದಿ ಫಲಕದ ಮೇಲೆ ಬರೆದ ಸಮುದ್ರಮಟ್ಟದ ಎತ್ತರ ಎರಡನೆಯದನ್ನು ಹಿಡಿದದ್ದು. ಉಪಗ್ರಹದಿಂದ ಸಂಕೇತ ಪಡೆಯುವ ಜಿಪಿಎಸ್ ಉಪಕರಣ ಮೂಲತಃ ಲೆಕ್ಕ ಹಾಕುವುದು ಮೊದಲನೆಯದರಿಂದ. ಬೆಂಗಳೂರಿನಲ್ಲಿ ಈ ಎರಡರ ನಡುವೆ ಸುಮಾರು 85 ಮೀಟರ್ ವ್ಯತ್ಯಾಸವಿದೆ. ತಿದ್ದುಪಡಿ ಮಾಡದ ಉಪಕರಣ ಇಡೀ ಊರನ್ನೇ ಇಪ್ಪತ್ತೈದು ಮಹಡಿಗಳಷ್ಟು ಕೆಳಗೆ ತೋರಿಸುತ್ತದೆ.

ಚುಕ್ಕಿಯನ್ನು ಹಿಂಬಾಲಿಸಿದವರು

1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಹಾರಿದ ಮೇಲೆ ಸರಪಳಿಯ ಯುಗ ಮುಗಿಯತೊಡಗಿತು. ಉಪಗ್ರಹ ಸುತ್ತುವ ಕಕ್ಷೆಯ ತಲ ಭೂಮಿಯ ನಡುಪಟ್ಟಿಯ ಉಬ್ಬಿನಿಂದಾಗಿ ನಿಧಾನವಾಗಿ ತಿರುಗುತ್ತ ಹೋಗುತ್ತದೆ. ಎಷ್ಟು ತಿರುಗುತ್ತದೆಂದು ಗೊತ್ತಾದರೆ ಎಷ್ಟು ಉಬ್ಬೆಂದು ಗೊತ್ತಾದಂತೆ. ಇದಕ್ಕೆ ಬೇಕಾದದ್ದು ಸಂಜೆಯ ಆಕಾಶದಲ್ಲಿ ಹರಿದುಹೋಗುವ ಚುಕ್ಕಿ ಯಾವ ನಕ್ಷತ್ರದ ಪಕ್ಕ ಯಾವ ಕ್ಷಣದಲ್ಲಿತ್ತು ಎಂಬ ದಾಖಲೆ. ಅಮೆರಿಕದ ‘ಮೂನ್‌ವಾಚ್’ ಯೋಜನೆಯಲ್ಲಿ ಹವ್ಯಾಸಿಗಳು ಗುಂಪುಗೂಡಿ ಇದನ್ನು ಮಾಡಿದರು. ಇಂಗ್ಲೆಂಡಿನಲ್ಲಿ ಡೆಸ್ಮಂಡ್ ಕಿಂಗ್-ಹೀಲಿ, ದುರ್ಬೀನು ಮತ್ತು ನಿಲ್ಗಡಿಯಾರ ಹಿಡಿದವರು ಕಳಿಸಿದ ಮಾಹಿತಿಯನ್ನು ದಶಕಗಳ ಕಾಲ ಬಳಸಿಕೊಂಡ. ಭಾರತದಲ್ಲಿ ನೈನಿತಾಲದ ಬೇಕರ್-ನನ್ ಕ್ಯಾಮೆರಾ ಆ ಜಾಲದ ಭಾಗವಾಗಿತ್ತು.

ಒಂದೇ ವರ್ಷದಲ್ಲಿ ಫಲಿತಾಂಶ ಬಂತು. ಭೂಮಿಯ ತಗ್ಗು 297ರಲ್ಲಿ ಒಂದು ಭಾಗ ಎಂದಿದ್ದದ್ದು 298 ಎಂದು ತಿದ್ದುಪಡಿಯಾಯಿತು. 1958ರ ಮಾರ್ಚ್‌ನಲ್ಲಿ ಹಾರಿದ ವ್ಯಾನ್‌ಗಾರ್ಡ್-1ರ ಕಕ್ಷೆ ಇನ್ನೊಂದು ಗುಟ್ಟು ಬಿಟ್ಟುಕೊಟ್ಟಿತು: ಉತ್ತರ, ದಕ್ಷಿಣ ಅರ್ಧಗಳು ಸಮವಾಗಿಲ್ಲ, ಭೂಮಿ ಬಹಳ ಸೂಕ್ಷ್ಮವಾಗಿ ಪೇರುಹಣ್ಣಿನ ಆಕಾರದಲ್ಲಿದೆ. ಲ್ಯಾಂಬ್ಟನ್ ಮತ್ತು ಎವರೆಸ್ಟ್ ನಾಲ್ಕು ದಶಕ ಕಾಡು, ಜ್ವರ, ಹುಲಿಗಳ ನಡುವೆ ಅಳೆದದ್ದಕ್ಕಿಂತ ಹೆಚ್ಚನ್ನು ಒಂದು ಚಿಕ್ಕ ಲೋಹದ ಗುಂಡು ಕೆಲವೇ ತಿಂಗಳಲ್ಲಿ ಹೇಳಿತು.

ಚಪ್ಪಟೆವಾದ ಮತ್ತೆ ಬಂದದ್ದು

ಉಪಗ್ರಹ ಯುಗಕ್ಕೆ ಮೊದಲೇ ಆಧುನಿಕ ಚಪ್ಪಟೆವಾದ ಹುಟ್ಟಿತ್ತು. ಇಂಗ್ಲೆಂಡಿನ ಸ್ಯಾಮ್ಯುಯಲ್ ರೌಬಾಟಮ್ 1838ರಲ್ಲಿ ಬೆಡ್‌ಫರ್ಡ್ ಕಾಲುವೆಯ ನೀರು ಬಾಗಿಲ್ಲವೆಂದು ಸಾರಿದ. 1870ರಲ್ಲಿ ಅದೇ ಕಾಲುವೆಯ ಮೇಲೆ ಜಾನ್ ಹ್ಯಾಂಪ್ಡನ್ ಐನೂರು ಪೌಂಡ್ ಪಂಥ ಕಟ್ಟಿದ. ಜೀವವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೆಸ್ ಬಾಗನ್ನು ತೋರಿಸಿ ಗೆದ್ದ. ಆದರೆ ಹ್ಯಾಂಪ್ಡನ್ ಸೋಲೊಪ್ಪದೆ ವರ್ಷಗಟ್ಟಲೆ ವಾಲೆಸನ ಹಿಂದೆ ಬಿದ್ದು ಹಿಂಸೆ ಕೊಟ್ಟ. ಸಾಕ್ಷ್ಯ ಕೊಟ್ಟರೆ ವಾದ ಮುಗಿಯುತ್ತದೆ ಎಂಬ ನಂಬಿಕೆಗೆ ಅಂದೇ ಪೆಟ್ಟು ಬಿತ್ತು. ಈಗ ಮೊಬೈಲಿನ ವಿಡಿಯೊಗಳ ಮೂಲಕ ಆ ವಾದ ಕನ್ನಡದ ಹುಡುಗ ಹುಡುಗಿಯರ ಕೈಗೂ ಬಂದಿದೆ.

ಚಪ್ಪಟೆವಾದಿಗಳ ಕೆಲವು ಪ್ರಶ್ನೆಗಳಲ್ಲಿ ಹುರುಳಿದೆ. ಎರಡು ಊರುಗಳ ನೆರಳಿನ ಕೋನ ಬೇರೆಯಾದರೆ ಭೂಮಿ ದುಂಡಗೆ ಎಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ನಿಜಕ್ಕೂ ಎರಡು ಊರು ಸಾಲದು: ನೆಲ ಚಪ್ಪಟೆಯಾಗಿದ್ದು ಸೂರ್ಯ ಕೆಲವು ಸಾವಿರ ಕಿಲೋಮೀಟರ್ ಎತ್ತರದಲ್ಲಿದ್ದರೂ ಅದೇ ಕೋನಗಳು ಬರುತ್ತವೆ. ಮೂರನೆಯ, ನಾಲ್ಕನೆಯ ಊರು ಸೇರಿದಾಗ ಮಾತ್ರ ಚಪ್ಪಟೆ ಲೆಕ್ಕ ಮುರಿದುಬೀಳುತ್ತದೆ. ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಸುಮಾರಿಗೆ ಬೆಂಗಳೂರಿನಲ್ಲಿ ನಡುಹಗಲು ನೆರಳು ಮಾಯವಾಗುವ ದಿನ ಮಕ್ಕಳಿಂದ ಅಳತೆ ಮಾಡಿಸುವ ಶಿಕ್ಷಕರು ಈ ಮೂರನೆಯ ಊರನ್ನು ಮರೆಯಬಾರದು. ಪ್ರಶ್ನೆಯನ್ನು ನಕ್ಕು ತಳ್ಳಿಬಿಟ್ಟರೆ ಮಗು ವಿಡಿಯೊದ ಕಡೆಗೇ ವಾಲುತ್ತದೆ.

ಉಪಗ್ರಹಗಳ ವಿಷಯದಲ್ಲಿ ಚಪ್ಪಟೆವಾದಿಗಳ ಉತ್ತರ: ಅವೆಲ್ಲ ಎತ್ತರದ ಬಲೂನುಗಳು. ಇದನ್ನು ಯಾರ ಮಾತನ್ನೂ ನಂಬದೆ ಪರೀಕ್ಷಿಸಬಹುದು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಬೆಂಗಳೂರಿನ ಮೇಲೆ ಹಾದುಹೋಗುವ ಹೊತ್ತು ಮುಂಚೆಯೇ ಪ್ರಕಟವಾಗುತ್ತದೆ. ಇಂದಿರಾನಗರದ ದೀಪಗಳ ನಡುವೆಯೂ ಬರಿಗಣ್ಣಿಗೆ ಕಾಣುವಷ್ಟು ಪ್ರಕಾಶ ಅದಕ್ಕಿದೆ. ಒಬ್ಬರು ಶಿವಾಜಿನಗರದ ಮಹಡಿಯ ಮೇಲೆ, ಇನ್ನೊಬ್ಬರು ಸುಮಾರು ಹತ್ತು ಕಿಲೋಮೀಟರ್ ದೂರದ ಕೆ.ಆರ್. ಪುರದಲ್ಲಿ ನಿಂತು ಒಂದೇ ಕ್ಷಣದಲ್ಲಿ ಫೋಟೊ ತೆಗೆಯಲಿ. ನೆತ್ತಿಯ ಹತ್ತಿರ 420 ಕಿಲೋಮೀಟರ್ ಎತ್ತರದಲ್ಲಿರುವ ಚುಕ್ಕಿ ಎರಡು ಚಿತ್ರಗಳಲ್ಲಿ ನಕ್ಷತ್ರಗಳ ನಡುವೆ ಸುಮಾರು 1.4 ಡಿಗ್ರಿ, ಅಂದರೆ ಪೂರ್ಣಚಂದ್ರನ ಅಗಲದ ಎರಡೂವರೆಯಿಂದ ಮೂರು ಪಟ್ಟು, ಸರಿದಿರುತ್ತದೆ. ಅದು 30 ಕಿಲೋಮೀಟರ್ ಎತ್ತರದ ಬಲೂನಾಗಿದ್ದರೆ ಆ ಅಂತರ 18 ಡಿಗ್ರಿ ದಾಟುತ್ತಿತ್ತು.

ಇನ್ನೂ ಸೊಗಸಾದ ಸಾಕ್ಷಿ ಆ ಚುಕ್ಕಿ ಕಣ್ಮರೆಯಾಗುವ ರೀತಿ. ಎಷ್ಟೋ ಸಲ ಅದು ಪೂರ್ವ ದಿಗಂತ ಮುಟ್ಟುವ ಮೊದಲೇ, ಮೋಡವಿಲ್ಲದ ಆಕಾಶದ ನಡುವೆ ಕೆಂಪಾಗಿ ಆರಿಹೋಗುತ್ತದೆ. ಅದು ಭೂಮಿಯ ನೆರಳಿಗೆ ಹೊಕ್ಕ ಕ್ಷಣ. ಬೆಂಗಳೂರಿನಲ್ಲಿ ಸೂರ್ಯ ಮುಳುಗಿ ಒಂದೂಕಾಲರಿಂದ ಒಂದೂವರೆ ಗಂಟೆಯಾದ ಮೇಲೆ ಆ ಎತ್ತರದ ಉಪಗ್ರಹ ನೆತ್ತಿಯ ಮೇಲಿದ್ದರೂ ಕಾಣುವುದಿಲ್ಲ; ಹೆಚ್ಚು ಎತ್ತರದವು ಇನ್ನೂ ಸ್ವಲ್ಪ ಹೊತ್ತು ಹೊಳೆಯುತ್ತವೆ. ಎತ್ತರ ಮತ್ತು ಆರಿದ ಹೊತ್ತು, ಇವೆರಡು ಗೊತ್ತಿದ್ದರೆ ಪಿಯುಸಿಯ ತ್ರಿಕೋನಮಿತಿಯಲ್ಲಿ ಭೂಮಿಯ ತ್ರಿಜ್ಯ ಸಿಗುತ್ತದೆ. ಚಪ್ಪಟೆ ಮಾದರಿಯಲ್ಲಿ ಸೂರ್ಯ ನೆಲದ ಕೆಳಗೆ ಇಳಿಯುವುದೇ ಇಲ್ಲ, ಹಾಗಾಗಿ ಈ ನೆರಳಿಗೆ ಅಲ್ಲಿ ಜಾಗವೇ ಇಲ್ಲ. ಚಪ್ಪಟೆಯೋ ದುಂಡೋ ಎಂಬ ಪ್ರಶ್ನೆ ಇಲ್ಲಿಗೆ ಮುಗಿದಿದೆ. ಅದನ್ನು ‘ಎರಡು ಅಭಿಪ್ರಾಯ’ಗಳೆಂದು ತೂಗಿ ಕೂರಿಸುವುದು ಓದುಗರಿಗೆ ಮಾಡುವ ಅನ್ಯಾಯ.

ಇನ್ನೂ ತೀರದ ಲೆಕ್ಕಗಳು

ತೀರದೆ ಉಳಿದವು ಬೇರೆ ಇವೆ. ಬೆಂಗಳೂರಿನಲ್ಲಿ 1868ರ ಮರು ಅಳತೆಗಾಗಿ ಕಟ್ಟಿದ, ಹೆಣ್ಣೂರು ರಸ್ತೆಯ ಕಣ್ಣೂರಿನಲ್ಲಿದ್ದ ವೀಕ್ಷಣಾ ಕಟ್ಟಡ 2024ರಲ್ಲಿ ನೆಲ ಸೇರಿತು. ಉಳಿದ ಗುರುತುಗಳನ್ನು ಯಾರು, ಹೇಗೆ ಕಾಪಾಡಬೇಕು ಎಂಬುದು ಒಂದು. 2019ರ ನಂತರ ಸ್ಟಾರ್‌ಲಿಂಕ್‌ನಂಥ ಸಾವಿರಾರು ಉಪಗ್ರಹಗಳು ಆಕಾಶ ತುಂಬಿವೆ. ಅವುಗಳಿಂದ ಹಳ್ಳಿಗೂ ಇಂಟರ್‌ನೆಟ್ ಸಿಗುತ್ತದೆ ಎಂಬುದು ನಿಜ, ದೂರದರ್ಶಕದ ಚಿತ್ರಗಳಲ್ಲಿ ಗೆರೆ ಬೀಳುತ್ತದೆ ಎಂಬುದೂ ನಿಜ. ಎಷ್ಟು ಸಾಕು ಎಂದು ತೀರ್ಮಾನಿಸುವ ಅಂತರರಾಷ್ಟ್ರೀಯ ನಿಯಮ ಇನ್ನೂ ಇಲ್ಲ.

ಭೂಮಿಯ ಆಕಾರವೂ ನಿಂತಲ್ಲಿ ನಿಂತಿಲ್ಲ. 2002ರಿಂದ ಗ್ರೇಸ್ ಉಪಗ್ರಹಗಳು ಹಿಮ ಕರಗಿ, ಅಂತರ್ಜಲ ಬತ್ತಿ ಗುರುತ್ವ ಬದಲಾಗುವುದನ್ನು ದಾಖಲಿಸಿವೆ. ಬೆಂಗಳೂರಿನಲ್ಲಿ ಜೋಡಣೆಯಾಗಿ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಿಸಾರ್, ಹನ್ನೆರಡು ದಿನಕ್ಕೊಮ್ಮೆ ಅದೇ ನೆಲವನ್ನು ಮತ್ತೆ ನೋಡಿ ಅದರ ಏರಿಳಿತವನ್ನು ಸೆಂಟಿಮೀಟರ್‌ ಮಟ್ಟದಲ್ಲಿ ಗುರುತಿಸುವ ಸಾಮರ್ಥ್ಯದ್ದು.

ಎಲ್ಲಕ್ಕಿಂತ ದೊಡ್ಡ ಒಗಟು ನಮ್ಮ ದಕ್ಷಿಣಕ್ಕೇ ಇದೆ. ಶ್ರೀಲಂಕಾದ ದಕ್ಷಿಣದ ಹಿಂದೂ ಮಹಾಸಾಗರದಲ್ಲಿ ಜಿಯಾಯ್ಡ್ ಸುಮಾರು 106 ಮೀಟರ್ ಕುಸಿದಿದೆ. ಇಡೀ ಭೂಮಿಯಲ್ಲಿ ಇಷ್ಟು ಆಳದ ತಗ್ಗು ಬೇರೆಲ್ಲೂ ಇಲ್ಲ. ಬೆಂಗಳೂರಿನ ಆ 85 ಮೀಟರ್ ಅಂತರ ಇದೇ ತಗ್ಗಿನ ಅಂಚು. 1948ರಲ್ಲಿ ಡಚ್ ವಿಜ್ಞಾನಿ ವೆನಿಂಗ್ ಮೈನೆಸ್ ಇದನ್ನು ಗುರುತಿಸಿದಂದಿನಿಂದ ಕಾರಣ ಹುಡುಕಾಟ ನಡೆದಿದೆ. ಅಳಿದುಹೋದ ಟೆಥಿಸ್ ಸಾಗರದ ತಳ ಭೂಮಿಯೊಳಗೆ ಮುಳುಗಿ ಕೂತದ್ದೇ ಕಾರಣವೆಂದು ಒಂದು ಪಕ್ಷ. 2023ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ದೇಬಂಜನ್ ಪಾಲ್ ಮತ್ತು ಆತ್ರೇಯಿ ಘೋಷ್ ಹದಿನಾಲ್ಕು ಕೋಟಿ ವರ್ಷಗಳ ಚಲನೆಯನ್ನು ಕಂಪ್ಯೂಟರಿನಲ್ಲಿ ಮರುಸೃಷ್ಟಿಸಿ ಬೇರೆ ಉತ್ತರ ಕೊಟ್ಟರು: ಮುಳುಗಿದ ತಳ ಆಫ್ರಿಕಾದ ಅಡಿಯ ಬಿಸಿ, ಹಗುರ ದ್ರವ್ಯವನ್ನು ಕದಡಿತು, ಅದು ಮೇಲೆದ್ದು ಈ ತಗ್ಗಿನ ಸುತ್ತ ಹರಡಿದ್ದೇ ಕಾರಣ. ಅಂಥ ಬಿಸಿ ದ್ರವ್ಯದ ಕಂಬಗಳು ಆ ಸಾಗರದ ಕೆಳಗೆ ನಿಜಕ್ಕೂ ಇವೆಯೇ ಎಂಬುದನ್ನು ಕಂಪ್ಯೂಟರ್ ಹೇಳಲಾರದು. ಅದಕ್ಕೆ ಸಮುದ್ರದ ತಳದಲ್ಲಿ ಇಟ್ಟ ಭೂಕಂಪಮಾಪಕಗಳ ದಾಖಲೆ ಬೇಕು, ಮತ್ತು ಆ ದಾಖಲೆ ಇನ್ನೂ ಎರಡರಲ್ಲಿ ಒಂದನ್ನು ಆಯ್ದುಕೊಳ್ಳುವಷ್ಟು ಸಂಗ್ರಹವಾಗಿಲ್ಲ.